ಕೋಲು ಎತ್ತುವ ಮೊದಲು

ನನ್ನ ತಂಗಿಯ ಮಗ ಈರಣ್ಣ ಈ ವರ್ಷ ಬೆಳಗಾವಿಯ ಒಂದು ಮದುವೆ ಬ್ಯಾಂಡಿಗೆ ಸೇರಿದ. ಟ್ರಂಪೆಟ್ ಊದುತ್ತಾನೆ. ದೀಪಾವಳಿಗೆ ನಾಗಪುರಕ್ಕೆ ಬಂದವನು ಮೊಳೆಗೆ ನೇತುಹಾಕಿದ್ದ ನನ್ನ ಹಳೇ ಕೆಂಪು ಕೋಟನ್ನು ತೆಗೆದು ಹಾಕಿಕೊಂಡು, ಕನ್ನಡಿಯ ಮುಂದೆ ನಿಂತು, "ಮಾಮಾ, ಈ ಲೈನಿನಾಗ ಕಲೀಬೇಕಾದ್ದು ಏನೈತಿ ಹೇಳ್ರಿ" ಅಂದ. ಊದುವುದು ಅವನಿಗೆ ಬರುತ್ತದೆ, ನನಗಿಂತ ಚೆನ್ನಾಗಿಯೇ ಬರುತ್ತದೆ. ಉಳಿದದ್ದನ್ನು ಬಾಯಿಮಾತಿನಲ್ಲಿ ಹೇಳಹೋದರೆ ನನ್ನ ಹೆಂಡತಿ ಗಂಗವ್ವ ನಡುವೆ ಬಾಯಿ ಹಾಕುತ್ತಾಳೆ. ಅದಕ್ಕೆ ಬರೆಯುತ್ತಿದ್ದೇನೆ.

ನಾನು ಬೈಲಹೊಂಗಲ ಕಡೆಯವನು. ಮೀಸೆ ಮೂಡುವ ಮೊದಲೇ ಪಲ್ಟನ್ನಿನ ಬ್ಯಾಂಡಿಗೆ ಭರ್ತಿಯಾದೆ. ಅಲ್ಲಿ ಕ್ಲಾರಿಯೊನೆಟ್ ಕಲಿತೆ, ಸ್ವರಲಿಪಿ ಓದಿ ಬರೆಯುವುದನ್ನು ಕಲಿತೆ, ಎಲ್ಲಕ್ಕಿಂತ ಹೆಚ್ಚಾಗಿ ನಡೆಯುವುದನ್ನು ಕಲಿತೆ. ಕೊನೆಯ ಪೋಸ್ಟಿಂಗ್ ನಾಗಪುರದ ಪಕ್ಕದ ಕಾಮಠಿಯಲ್ಲಿ. ಪಿಂಚಣಿ ತಗೊಂಡು ಊರಿಗೆ ಗಂಟುಮೂಟೆ ಕಟ್ಟುತ್ತಿದ್ದವನನ್ನು ಗಾಂಧಿಬಾಗಿನ ಗುಲಾಬ್ ಸೇಠ್ ಕರೆಸಿಕೊಂಡರು. ಅವರದು ಮದುವೆ ಬ್ಯಾಂಡು. ಬಟ್ಟೆ ಅಂಗಡಿಗಳ ಗಲ್ಲಿಯಲ್ಲಿ ಮರದ ಏಣಿ ಹತ್ತಿದರೆ ಮೇಲೊಂದು ಕೋಣೆ, ಗೋಡೆಯ ತುಂಬ ಹಿತ್ತಾಳೆ ವಾದ್ಯಗಳು, ಮೂಲೆಯಲ್ಲಿ ಗ್ಯಾಸ್‌ಬತ್ತಿಗಳು. "ಮಾಸ್ತರ್, ಏಕ್ ಸೀಜನ್ ದೇಖೋ, ಫಿರ್ ಜಾವೋ" ಅಂದರು, ಒಂದು ಸೀಜನ್ ನೋಡಿ ಆಮೇಲೆ ಹೋಗಿ ಅಂತ. ಆ ಒಂದು ಸೀಜನ್ ಮುಗಿಯುವಷ್ಟರಲ್ಲಿ ಎಪ್ಪತ್ತರ ದಶಕ ಪೂರ್ತಿ ಹೋಗಿ, ಎಂಬತ್ತರದೂ ಅರ್ಧ ಕಳೆದಿತ್ತು. ನಾನು ಯಾವಾಗ ದೊಡ್ಡ ಮಾಸ್ತರ್ ಆದೆ, ಪಗಾರ ಯಾವಾಗ ಏರಿತು, ಅದೆಲ್ಲ ಬಿಡು ಈರಣ್ಣ. ಅದರಿಂದ ನಿನಗೇನೂ ಉಪಯೋಗವಿಲ್ಲ.

ಮೊದಲು ನಡಿಗೆಯ ಮಾತು. ಪಲ್ಟನ್ನಿನಲ್ಲಿ ನಮ್ಮ ಸುಬೇದಾರ್ ಸಾಹೇಬರು ವಾದ್ಯಕ್ಕಿಂತ ಕಾಲುಗಳನ್ನೇ ಹೆಚ್ಚು ನೋಡುತ್ತಿದ್ದರು. 'ಥಮ್' ಅಂದರೆ ನಿಲ್ಲು ಅಂತ ಆರ್ಡರು. ಅದನ್ನು ಮನಸ್ಸಿಗೆ ಬಂದಾಗ ಕೂಗುವ ಹಾಗಿಲ್ಲ, ಕಾಲು ನೆಲ ಮುಟ್ಟುವ ಹೊತ್ತಿಗೇ ಹೇಳಬೇಕು. ಹೊಸ ನಾಯಕ್ ಒಬ್ಬ ಒಮ್ಮೆ ಕಾಲು ಗಾಳಿಯಲ್ಲಿರುವಾಗ ಕೂಗಿಬಿಟ್ಟ. ಅರ್ಧ ಜನ ಒಂಟಿ ಕಾಲಲ್ಲಿ ಕೊಕ್ಕರೆಯ ಹಾಗೆ ನಿಂತರು, ಉಳಿದವರು ಅವರ ಬೆನ್ನಿಗೆ ಹೋಗಿ ಢಿಕ್ಕಿ ಹೊಡೆದರು, ದೊಡ್ಡ ಡ್ರಮ್ಮಿನವನು ಡ್ರಮ್ಮಿನ ಸಮೇತ ಬೋರಲು ಬಿದ್ದ. ನಮಗೆಲ್ಲ ನಗು ತಡೆಯಲಿಲ್ಲ. ಸುಬೇದಾರ್ ಸಾಹೇಬರು ನಗಲಿಲ್ಲ. ಆ ನಾಯಕನನ್ನು ಬಿಸಿಲಲ್ಲಿ ಒಂಟಿ ಕಾಲಲ್ಲಿ ನಿಲ್ಲಿಸಿ, "ನೀನು ಅವರಿಗೆ ಮಾಡಿದ್ದು ಏನು ಅಂತ ಈಗ ಗೊತ್ತಾಯಿತಾ?" ಅಂತ ಕೇಳಿದರು.

ಆ ಸಾಲಿನಲ್ಲಿ ನನ್ನ ಪಕ್ಕಕ್ಕೇ ಇದ್ದವನು ಶ್ರಾವಣ. ನಾಗಪುರದವನೇ, ಸೈಡ್ ಡ್ರಮ್ ಬಾರಿಸುತ್ತಿದ್ದ. ನನಗಿಂತ ಮೊದಲು ಪಿಂಚಣಿಗೆ ಬಂದು ಗುಲಾಬ್ ಸೇಠರ ಬ್ಯಾಂಡು ಸೇರಿದ್ದ, ನನ್ನ ಹೆಸರು ಹೇಳಿದವನೂ ಅವನೇ. ಅವನಷ್ಟು ಕಡಿಮೆ ಮಾತಾಡುವ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಒಂದು ಮದುವೆಯಿಂದ ಇನ್ನೊಂದು ಮದುವೆಗೆ ಹೋಗುವ ದಾರಿಯಲ್ಲಿ ಅವನು ಹೇಳುವ ಮಾತೆಂದರೆ "ಚಹಾ?" ಅನ್ನುವುದೊಂದೇ.

ಮದುವೆ ಬ್ಯಾಂಡಿನಲ್ಲಿ ಬಾಯಿಂದ ಆರ್ಡರು ಕೊಟ್ಟರೆ ಯಾರಿಗೂ ಕೇಳಿಸುವುದಿಲ್ಲ. ಅದಕ್ಕೇ ಮಾಸ್ತರನ ಕೈಯಲ್ಲಿ ಹಿತ್ತಾಳೆ ಗುಂಡಿನ ಕೋಲು. ಮುಂದಕ್ಕೆ ಚಾಚಿದರೆ ನಡೆಯಿರಿ, ಅಡ್ಡ ಹಿಡಿದರೆ ಮೆಲ್ಲಗೆ, ತಲೆಯ ಮೇಲೆ ಎತ್ತಿದರೆ ನಿಲ್ಲಿಸಿ. ಕೋಲು ಎತ್ತಿದಾಗ ದೊಡ್ಡ ಡ್ರಮ್ಮು ಎರಡು ಪೆಟ್ಟು ಕೊಡುತ್ತದೆ, ಎಲ್ಲ ವಾದ್ಯಗಳೂ ಒಟ್ಟಿಗೆ ಸುಮ್ಮನಾಗುತ್ತವೆ. ಈ ಕೋಲಿನ ಮಾತು ಮುಂದೆ ಬರುತ್ತದೆ, ನೆನಪಿಟ್ಟುಕೋ.

ಎಪ್ಪತ್ತರ ದಶಕ ಶುರುವಾದಾಗ ನಾಗಪುರದಲ್ಲಿ ಮದುವೆ ದಿಬ್ಬಣ ಅಂದರೆ ನಡೆಯುವುದು. ಮುಂದೆ ಬ್ಯಾಂಡು, ಹಿಂದೆ ಟೋಪಿ ಹಾಕಿದ ಹಿರಿಯರು, ಕುದುರೆಯ ಮೇಲೆ ಮದುಮಗ, ಅವನ ಹಿಂದೆ ಹೆಂಗಸರು. ಭಕ್ತಿಗೀತೆಯೋ ಹಳೇ ಸಿನಿಮಾ ಹಾಡೋ, ಎಲ್ಲವನ್ನೂ ನಡಿಗೆಯ ಲಯಕ್ಕೆ ಇಳಿಸಿ ಬರೆದುಕೊಡುತ್ತಿದ್ದೆ. ಮುಹೂರ್ತಕ್ಕೆ ಎಷ್ಟೋ ಮೊದಲೇ ಮಂಟಪ ಮುಟ್ಟಿ, ಬೀಗರು ಇನ್ನೂ ಸಿದ್ಧರಾಗಿಲ್ಲವೆಂದು ಬಾಗಿಲ ಹೊರಗೆ ಕಾದದ್ದೂ ಉಂಟು.

ಒಂದು ಸಂಜೆ ಮದುಮಗನ ಕಾಲೇಜು ಗೆಳೆಯರು ಚೌಕದ ನಡುವೆ ನನಗೆ ಅಡ್ಡ ಬಂದು ನಿಂತರು. ಜಗಳವೆಂದು ತಿಳಿದು ಕೋಲನ್ನು ಗಟ್ಟಿಯಾಗಿ ಹಿಡಿದೆ. ಅವರು ಹೊಡೆಯಲು ಬಂದಿರಲಿಲ್ಲ, ಕುಣಿಯಲು ಬಂದಿದ್ದರು. "ಮಾಸ್ತರ್, ಇಲ್ಲೇ ನಿಂತು ಬಾರಿಸಿ, ಜೋರಾಗಿ" ಅಂದರು. (ಅವರು ಆಡಿದ್ದು ಮರಾಠಿ. ಮುಂದೆಯೂ ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆಯುತ್ತೇನೆ, ಇಲ್ಲದಿದ್ದರೆ ಬೈಲಹೊಂಗಲದವರಿಗೆ ಅರ್ಥವಾಗುವುದಿಲ್ಲ.) ಹಿರಿಯರು ಕೆಮ್ಮಿದರು, ಭಟ್ಟರು ಗಡಿಯಾರ ನೋಡಿಕೊಂಡರು, ಕುದುರೆ ಅಲ್ಲೇ ಲದ್ದಿ ಹಾಕಿತು. ಹುಡುಗರು ಅದನ್ನೂ ತುಳಿದುಕೊಂಡು ಕುಣಿದರು. ನನಗೆ ಅಸಹ್ಯವಾಯಿತು. ಇದು ಒಂದು ದಿನದ ಹುಚ್ಚು ಅಂದುಕೊಂಡೆ.

ಒಂದೆರಡು ಸೀಜನ್ನಿನಲ್ಲಿ ಊರಿಗೆ ಊರೇ ಹಾಗಾಯಿತು. ಮೊದಲು ಒಂದು ಬೀಡಿ ಸೇದುವಷ್ಟರಲ್ಲಿ ದಾಟುತ್ತಿದ್ದ ಗಲ್ಲಿಯನ್ನು ದಾಟಲು ಈಗ ಊಟ ಮುಗಿಸುವಷ್ಟು ಹೊತ್ತು ಬೇಕು. ಊರಂಚಿನ ಕಳಮನಾ ಕಡೆಗೆ ಮಾಲು ಹೊತ್ತು ಹೊರಟ ಲಾರಿಗಳು ನಮ್ಮ ಹಿಂದೆ ಸಿಕ್ಕಿಕೊಂಡು ಹಾರ್ನ್ ಬಾರಿಸುತ್ತಿದ್ದವು. ಹಾರ್ನ್ ಬಾರಿಸಿ ಬೇಸತ್ತ ಡ್ರೈವರು ಕೆಳಗಿಳಿದು ತಾನೂ ಎರಡು ಹೆಜ್ಜೆ ಹಾಕಿ ಹೋಗುತ್ತಿದ್ದ. ನಡೆಯುವ ಬ್ಯಾಂಡು ನಿಲ್ಲುವ ಬ್ಯಾಂಡಾಯಿತು. ನಡಿಗೆಯ ಮೇಲೆ ಬದುಕಿದ ನನಗೆ ಅದು ಬಹಳ ದಿನ ನುಂಗಲಾಗದ ತುತ್ತಾಗಿತ್ತು.

ಹಾಡು ಕಲಿಯುವ ರೀತಿಯೂ ಬದಲಾಯಿತು. ಮೊದಲೆಲ್ಲ ಹೊಸ ಸಿನಿಮಾ ಬಂದರೆ ನಾನು, ಶ್ರಾವಣ, ಟ್ರಂಪೆಟ್ಟಿನ ಒಬ್ಬ, ಮೂವರೂ ಮ್ಯಾಟಿನಿಗೆ ಹೋಗಿ ಕೂರುತ್ತಿದ್ದೆವು. ಅದೂ ಡ್ಯೂಟಿಯೇ. ನಾನು ಮೊದಲ ಸಾಲು ಹಿಡಿಯಬೇಕು, ಟ್ರಂಪೆಟ್ಟಿನವನು ಮುಂದಿನದು, ಶ್ರಾವಣ ತಾಳ. ಹೀರೋಯಿನ್ ಯಾವ ಸೀರೆ ಉಟ್ಟಿದ್ದಳು ಅಂತ ಮನೆಯಲ್ಲಿ ಕೇಳಿದರೆ ಮೂವರಿಗೂ ಗೊತ್ತಿರುತ್ತಿರಲಿಲ್ಲ. ಹೊರಗೆ ಬಂದು ಚಹಾದಂಗಡಿಯಲ್ಲಿ ಮೂರನ್ನೂ ಜೋಡಿಸುತ್ತಿದ್ದೆವು. ಮರೆತುಹೋದಲ್ಲಿ ನಾನೇ ಒಂದಿಷ್ಟು ತುಂಬುತ್ತಿದ್ದೆ. ಯಾರೂ ತಕರಾರು ಮಾಡುತ್ತಿರಲಿಲ್ಲ.

ಆಮೇಲೆ ಟೇಪ್ ರೆಕಾರ್ಡರ್ ಬಂತು. ಹುಡುಗರು ಒಂದೇ ಹಾಡನ್ನು ತಿರುಗಿಸಿ ತಿರುಗಿಸಿ ಕೇಳುವುದನ್ನು ಕಲಿತರು. ಒಬ್ಬ ದಿಬ್ಬಣದ ನಡುವೆ ನನ್ನ ಭುಜ ಹಿಡಿದು ನಿಲ್ಲಿಸಿ, "ಮಾಸ್ತರ್, ಇಲ್ಲೊಂದು ಗಿಟಾರ್ ಬರುತ್ತೆ, ನೀವು ನುಂಗಿಬಿಟ್ಟಿರಿ" ಅಂದ. ಹಾಡಿನ ಸಾಲುಗಳ ನಡುವೆ ಬರುವ ವಾದ್ಯದ ತುಣುಕು ಅದು. ನಾವು ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಮನೆಗೆ ಬಂದು ಯೋಚಿಸಿದೆ. ನಮ್ಮ ವಯಸ್ಸಿನವರು ಹಾಡಿನ ಮಾತು ಕೇಳುತ್ತಿದ್ದೆವು, ಇವರು ಮಾತಿನ ನಡುವಿನ ಜಾಗವನ್ನು ಕೇಳುತ್ತಿದ್ದಾರೆ. ಮಾತೆಲ್ಲ ಹಿರಿಯರದಾಗಿ ಹೋದ ಮನೆಯಲ್ಲಿ ಬೆಳೆದವರಿಗೆ ಆ ಜಾಗವಾದರೂ ತಮ್ಮದು ಅನ್ನಿಸಿರಬೇಕು. ಅವತ್ತಿನಿಂದ ಆ ತುಣುಕುಗಳನ್ನೂ ಕ್ಲಾರಿಯೊನೆಟ್ಟಿಗೆ ಕೂಡಿಸಿದೆ. ಸ್ವರಲಿಪಿ ಬರೆಯುವ ಕೆಲಸ ಮಾತ್ರ ನಿಂತೇಹೋಯಿತು. ಹೊಸ ಹುಡುಗರು ಟೇಪಿಗೆ ಕಿವಿಯಿಟ್ಟು ಕಲಿತು ಬರುತ್ತಿದ್ದರು, ನಾನು ಗೆರೆ ಎಳೆದ ಹಾಳೆಗಳಲ್ಲಿ ಗಂಗವ್ವ ಹಪ್ಪಳ ಸುತ್ತಿಟ್ಟಳು.

ನನ್ನ ಗರ್ವ ಮುರಿದದ್ದು ಸಿವಿಲ್ ಲೈನ್ಸಿನಲ್ಲಿ. ದೊಡ್ಡ ಅಧಿಕಾರಿಯೊಬ್ಬರ ಬಂಗಲೆ, ಮಗನ ಮದುವೆ. ಹುಡುಗರು ಬಂದು, "ಇಂಗ್ಲಿಷ್ ಬಾರಿಸೋಕೆ ಬರುತ್ತಾ?" ಅಂತ ಕೇಳಿದರು. ಬ್ಯಾಂಡಿನ ಉಳಿದವರು ಬೆಪ್ಪಾಗಿ ನೋಡಿದರು, ನಾನು ಮೀಸೆ ತಿರುವಿದೆ. ಆಫೀಸರ್ಸ್ ಮೆಸ್ಸಿನಲ್ಲಿ ಎಷ್ಟು ವರ್ಷ ಊದಿದವನು ನಾನು! ಒಂದು ಒಳ್ಳೆಯ ವಾಲ್ಟ್ಸ್ ಎತ್ತಿಕೊಂಡೆ. ಹುಡುಗರು ಕೈಕಟ್ಟಿ ನಿಂತರು. ಮುಗಿದ ಮೇಲೆ ಒಬ್ಬ ಬಹಳ ಮರ್ಯಾದೆಯಿಂದ, "ಮಾಸ್ತರ್, ಇದು ನಮ್ಮಜ್ಜನ ಇಂಗ್ಲಿಷು" ಅಂದ. ಅವನ ಅಜ್ಜ ಒಬ್ಬರು ಮಾತ್ರ ವರಾಂಡದ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

ಬಟ್ಟೆಯ ಗೋಳು ಬೇರೆ. ಬ್ಯಾಂಡಿನ ಎಳೆಯರು ಕೆಂಪು ಯೂನಿಫಾರ್ಮಿಗೂ ಬೆಲ್‌ಬಾಟಮ್ ಬೇಕೆಂದು ಹಟ ಹಿಡಿದರು. ಗುಲಾಬ್ ಸೇಠ್ ಒಪ್ಪಿಕೊಂಡರು. ಜರಿಪಟ್ಟಿಯ ಆ ಪ್ಯಾಂಟುಗಳು ಗಾಂಧಿಬಾಗಿನ ರಸ್ತೆಯನ್ನೆಲ್ಲ ಗುಡಿಸಿಕೊಂಡು ಬರುತ್ತಿದ್ದವು. ಕಿವಿ ಮುಚ್ಚುವ ಕೂದಲಿನ ಮೇಲೆ ಬ್ಯಾಂಡಿನ ಟೋಪಿ ಕೂರುತ್ತಿರಲಿಲ್ಲ, ಜೋರಾಗಿ ಊದಿದರೆ ಹಾರಿ ಬೀಳುತ್ತಿತ್ತು. "ಕೂದಲು ಕತ್ತರಿಸಿ" ಅಂತ ನಾನು, "ಟೋಪಿ ಬಿಡಿ" ಅಂತ ಅವರು. ಕೊನೆಗೆ ಟೋಪಿಯೇ ಹೋಯಿತು. ಶ್ರಾವಣನೊಬ್ಬ ಕೊನೆಯವರೆಗೂ ಟೋಪಿ ಹಾಕುತ್ತಿದ್ದ.

ಈಗ ನಮ್ಮ ಬ್ಯಾಂಡಿನ ಮಾನ ಹೋದ ಪ್ರಸಂಗ. ಮೊದಲು ಒಂದೊಂದು ಬ್ಯಾಂಡಿಗೆ ಒಂದೊಂದು ಹಾಡಿನ ಹೆಸರಿತ್ತು, ಇಂಥ ಹಾಡಿಗೆ ಇಂಥ ಬ್ಯಾಂಡೇ ಆಗಬೇಕು ಅನ್ನುತ್ತಿದ್ದರು. ಎಪ್ಪತ್ತರ ದಶಕದ ಕೊನೆಗೆ ಬಂದರೆ ಒಂದು ಸೀಜನ್ನಿಗೆ ಒಂದೇ ಹಾಡು, ಊರಿಗೆಲ್ಲ ಅದೇ. ಹಾಗಿರುವಾಗ ಒಂದು ಚೌಕದಲ್ಲಿ ನಮ್ಮ ದಿಬ್ಬಣಕ್ಕೆ ಎದುರಿನಿಂದ ಇನ್ನೊಂದು ದಿಬ್ಬಣ ಬಂತು. ಅವರದೂ ಕೆಂಪು ಯೂನಿಫಾರ್ಮು, ಅವರೂ ಬಾರಿಸುತ್ತಿದ್ದದ್ದು ಅದೇ ಹಾಡು. ಕುಣಿಯುವವರು ಒಂದಾದರು, ಧೂಳೆದ್ದಿತು, ಹೇಗೋ ಒಬ್ಬರನ್ನೊಬ್ಬರು ದಾಟಿದೆವು. ಮಂಟಪ ಮುಟ್ಟಿ ನೋಡಿದರೆ ನಮ್ಮ ಟ್ರಂಪೆಟ್ಟಿನವನಿಲ್ಲ. ಕಣ್ಣು ಮುಚ್ಚಿ ಊದುತ್ತ ಊದುತ್ತ ಆ ಬ್ಯಾಂಡಿನ ಜೊತೆ ಹೋಗಿ, ಅವರ ಮದುವೆಯಲ್ಲಿ ಊಟಕ್ಕೆ ಕೂತಿದ್ದ. "ಹಾಡು ಬದಲಾಗಿದ್ದರೆ ಗೊತ್ತಾಗುತ್ತಿತ್ತು ಮಾಸ್ತರ್" ಅಂದ. ಬೈಯಲು ಬಾಯಿ ತೆರೆದವನು ನಕ್ಕುಬಿಟ್ಟೆ. ನಮ್ಮ ಮದುಮಗನ ಇಬ್ಬರು ಗೆಳೆಯರೂ ಅದೇ ಪಂಕ್ತಿಯಲ್ಲಿ ಸಿಕ್ಕಿದರು.

ಇನ್ನು ಹೆಣ್ಣುಮಕ್ಕಳ ಮಾತು. ಇದನ್ನು ನಿನಗೆ ಯಾವ ಮಾಸ್ತರನೂ ಹೇಳಲಾರ. ಹುಡುಗರು ಕುಣಿಯತೊಡಗಿದಾಗ ಹುಡುಗಿಯರು ಹಿಂದೆ ಅತ್ತೆ ಚಿಕ್ಕಮ್ಮಂದಿರ ನಡುವೆ ನಿಂತು ನೋಡುತ್ತಿದ್ದರು. ಮುಂದಿನ ಸೀಜನ್ನಿಗೆ ಒಂದು ಹೆಜ್ಜೆ ಮುಂದೆ ಬಂದು ಚಪ್ಪಾಳೆ ತಟ್ಟಿದರು. ಅದರ ಮುಂದಿನ ಸೀಜನ್ನಿಗೆ ಸೆರಗು ಸಿಕ್ಕಿಸಿಕೊಂಡು ಒಬ್ಬೊಬ್ಬರಾಗಿ ಒಳಗೇ ಇಳಿದರು. ಹಿರಿಯರಿಗೆ ಅದನ್ನು ಸಹಿಸಲಾಗಲಿಲ್ಲ, ತಡೆದರೆ ಎಲ್ಲರೆದುರು ರಂಪವಾಗುತ್ತದೆ ಅನ್ನುವ ಭಯವೂ ಇತ್ತು. ಅದಕ್ಕೆ ಅವರು ಒಂದು ದಾರಿ ಹುಡುಕಿದರು. ಬ್ಯಾಂಡು ಗೊತ್ತುಮಾಡಿ ವೀಳ್ಯ ಕೊಡುವಾಗ ಮಾಸ್ತರನನ್ನು ಪಕ್ಕಕ್ಕೆ ಕರೆದು, "ಹುಡುಗಿಯರು ಇಳಿದರೆ ಬಾಜಾ ಬಂದ್" ಅಂತ ಹೇಳಿಡುವುದು. ದಿಬ್ಬಣದಲ್ಲಿ ಹಿರಿಯರು ನನ್ನತ್ತ ನೋಡಿ ಗಂಟಲು ಸರಿಮಾಡಿಕೊಂಡರೆ ನಾನು ಕೋಲು ಎತ್ತುತ್ತಿದ್ದೆ. ಎರಡು ಪೆಟ್ಟು, ಮೌನ, ಆಮೇಲೆ ನಡಿಗೆಯ ಹಾಡು. ಹುಡುಗಿ ಬಂದ ಹಾಗೇ ಹಿಂದಕ್ಕೆ ಸರಿಯುತ್ತಿದ್ದಳು. ಯಾರೂ ಯಾರಿಗೂ ಬೈದಂತಾಗುತ್ತಿರಲಿಲ್ಲ. ನಾಗಪುರದ ಎಲ್ಲ ಬ್ಯಾಂಡಿನಲ್ಲೂ ಇದೇ ಪದ್ಧತಿ ಇತ್ತು. ಕಸುಬಿನ ನಾಜೂಕು ಅಂತ ನಾವು ತಿಳಿದಿದ್ದೆವು.

ಎಂಬತ್ತರ ದಶಕದ ಶುರುವಿನಲ್ಲಿ, ಬೇಸಿಗೆಯ ಒಂದು ಮಧ್ಯಾಹ್ನ, ಒಬ್ಬ ಹೆಣ್ಣುಮಗಳು ನಮ್ಮ ಏಣಿ ಹತ್ತಿ ಬಂದಳು. ಬ್ಯಾಂಡು ಗೊತ್ತುಮಾಡಲು ಹೆಂಗಸು ಬಂದದ್ದು ಅದೇ ಮೊದಲು. ಗುಲಾಬ್ ಸೇಠ್ ಗಡಬಡಿಸಿ ಎದ್ದು ಕುರ್ಚಿ ಒರೆಸಿದರು. ಅವಳ ಹೆಸರು ಕುಂದಾ. ಅಲ್ಲೇ ಎರಡು ಗಲ್ಲಿ ಆಚೆ ಮನೆ, ಸಿವಿಲ್ ಲೈನ್ಸಿನ ಒಂದು ಕಚೇರಿಯಲ್ಲಿ ಟೈಪಿಂಗ್ ಕೆಲಸ. ತಂದೆತಾಯಿ ಹೋದ ಮೇಲೆ ತಮ್ಮನನ್ನು ಓದಿಸಿ ಬೆಳೆಸಿದವಳು ಅವಳೇ. ಈಗ ಆ ತಮ್ಮನ ಮದುವೆ.

ಅವಳು ಸೇಠರ ಹತ್ತಿರ ಮಾತು ಮುಗಿಸಿ ನನ್ನ ಕಡೆ ತಿರುಗಿದಳು. "ಮಾಸ್ತರ್, ನಮ್ಮ ಮನೆಯ ಮೂಲೆಯಲ್ಲಿ ನೀವು ಯಾವಾಗಲೂ ಒಂದು ನಿಮಿಷ ನಿಂತು ಹಾಡು ಬದಲಾಯಿಸುತ್ತೀರಿ. ನಾನು ಮಾಳಿಗೆಯಿಂದ ನೋಡುತ್ತೇನೆ. ಬಾಗಿಲು ಹಾಕಿಕೊಂಡು ಒಳಗೆ ಕುಣಿದೂ ಇದ್ದೇನೆ. ತಮ್ಮನ ದಿಬ್ಬಣದಲ್ಲಿ ಮಾತ್ರ ಅದೇ ಮೂಲೆಯಲ್ಲಿ, ರಸ್ತೆಯಲ್ಲಿ ಕುಣಿಯುತ್ತೇನೆ. ಒಂದು ಹಾಡು ಸಾಕು. ಬಾರಿಸುತ್ತೀರಲ್ಲ?"

"ಬಾರಿಸದೆ ಏನು ತಾಯಿ? ಅದೇ ನಮ್ಮ ಕೆಲಸ" ಅಂದೆ. ಅವಳು ನಕ್ಕು ಏಣಿ ಇಳಿದುಹೋದಳು.

ಎರಡು ದಿನದ ಮೇಲೆ ಅವಳ ಕಾಕಾ ಬಾಪುಸಾಹೇಬರು ಬಂದರು. ಆ ಪೇಟೆಯ ದೊಡ್ಡ ಕುಳ, ಅವರ ಸಮಾಜದ ಮದುವೆಗಳೆಲ್ಲ ಅವರು ಹೇಳಿದ ಬ್ಯಾಂಡಿಗೇ ಹೋಗುತ್ತಿದ್ದವು. ನನ್ನನ್ನು ಪಕ್ಕಕ್ಕೆ ಕರೆದರು. "ಕುಂದಾಗೆ ಕಡೆಗೂ ಒಂದು ಸಂಬಂಧ ಕೂಡಿ ಬಂದಿದೆ. ಹುಡುಗನ ಕಡೆಯವರು ಅವತ್ತು ದಿಬ್ಬಣಕ್ಕೇ ಬರುತ್ತಾರೆ. ಅವಳು ಕುಣಿಯೋದು ಅವರ ಕಣ್ಣಿಗೆ ಬೀಳಬಾರದು. ನಾನು ನೋಡಿದ ತಕ್ಷಣ ಬಾಜಾ ಬಂದ್" ಅಂದರು. ದುಷ್ಟ ಮನುಷ್ಯರಲ್ಲ ಅವರು. ಅಣ್ಣನ ಮಗಳು ಒಂಟಿಯಾಗಿ ಉಳಿದಾಳೆಂಬ ಚಿಂತೆ ಅವರ ಮುಖದಲ್ಲೇ ಇತ್ತು. ಅವರು ಹೋದ ಮೇಲೆ ಸೇಠ್, "ಹಿರಿಯರ ಮಾತೇ ಮಾತು ಮಾಸ್ತರ್" ಅಂದರು. ಮೂಲೆಯಲ್ಲಿ ಡ್ರಮ್ಮಿನ ಹಗ್ಗ ಬಿಗಿಯುತ್ತಿದ್ದ ಶ್ರಾವಣ ಎಲ್ಲ ಕೇಳಿಸಿಕೊಂಡ.

ಮನೆಗೆ ಬಂದು ಹೇಳಿದೆ. ಗಂಗವ್ವ ರೊಟ್ಟಿ ಬಡಿಯುತ್ತಿದ್ದಳು.

"ಮತ್ತ, ಕೋಲು ಎತ್ತತೀರೇನು?"

"ಹಿರೇರು ಹೇಳ್ಯಾರ, ಸೇಠ್ ಹೇಳ್ಯಾನ. ಎತ್ತಲಾರದ ಏನ್ ಮಾಡ್ಲಿ?"

"ಎತ್ತರಿ. ಆದರ ಯಾರಿಗೂ ತಿಳಿಯಂಗಿಲ್ಲ ಅನ್ಕೋಬ್ಯಾಡ್ರಿ. ಹೆಣ್ಮಕ್ಕಳಿಗೆಲ್ಲಾ ಗೊತ್ತೈತಿ. ಮಾಸ್ತರನ ಕೋಲು ಮ್ಯಾಲ ಹೋತು, ಹಿಂದ ಬರ್ರವಾ ಅಂತ ನಾವ ಒಬ್ಬರಿಗೊಬ್ಬರು ಹೇಳ್ಕೋತೀವಿ."

ನಾನು ಇಷ್ಟು ವರ್ಷ ನಾಜೂಕು ಅಂದುಕೊಂಡಿದ್ದು ಅಷ್ಟೇ ಆಗಿತ್ತು.

ಮದುವೆಯ ಸಂಜೆ ಇನ್ನೂ ಬಿಸಿಲಿತ್ತು. ದಿಬ್ಬಣ ಹೊರಟು ಆ ಮೂಲೆಗೆ ಬಂತು. ಬೆಲ್‌ಬಾಟಮ್ ಹೋಗಿ ಬಿಗಿಪ್ಯಾಂಟು ಬಂದಿದ್ದ ಕಾಲ ಅದು, ಹುಡುಗರು ಆಗಲೇ ಬೆವರು ಸುರಿಸಿ ಕುಣಿಯುತ್ತಿದ್ದರು. ನಾನು ಹಾಡು ಬದಲಾಯಿಸಿದೆ. ಹೆಂಗಸರ ಸಾಲಿನಿಂದ ಕುಂದಾ ಬಂದಳು. ಹಸಿರು ಸೀರೆ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಹುಡುಗರು ಜಾಗ ಬಿಟ್ಟು ಸುತ್ತ ನಿಂತರು. ಕುದುರೆಯ ಮೇಲಿಂದ ತಮ್ಮ "ತಾಯೀ" ಅಂತ ಕೂಗಿದ. ಅಕ್ಕನನ್ನು ಇಲ್ಲಿ ಹಾಗೇ ಕರೆಯುತ್ತಾರೆ. ಅವಳು ಎರಡೂ ಕೈ ಮೇಲೆತ್ತಿ ಮೊದಲ ಹೆಜ್ಜೆಗೆ ಕಾಲೆತ್ತಿದಳು. ಬಾಪುಸಾಹೇಬರು ನನ್ನತ್ತ ನೋಡಿ ಗಂಟಲು ಸರಿಮಾಡಿಕೊಂಡರು.

ಕೋಲು ಎತ್ತಿದೆ.

ದೊಡ್ಡ ಡ್ರಮ್ಮು ಎರಡು ಪೆಟ್ಟು ಕೊಟ್ಟಿತು. ಟ್ರಂಪೆಟ್ಟು ನಿಂತಿತು, ಕ್ಲಾರಿಯೊನೆಟ್ಟು ನಿಂತಿತು, ಜಾಂಜು ನಿಂತಿತು. ಸೈಡ್ ಡ್ರಮ್ಮೊಂದು ನಿಲ್ಲಲಿಲ್ಲ.

ತಿರುಗಿ ನೋಡಿದೆ. 'ಸಾವಧಾನ್' ಆರ್ಡರಿಗೆ ಸೆಟೆದು ನಿಂತ ಸಿಪಾಯಿಯ ಹಾಗೆ ಶ್ರಾವಣ ನೆಟ್ಟಗೆ ಮುಂದೆ ನೋಡುತ್ತಿದ್ದ. ತಲೆಯ ಮೇಲೆ ಅದೇ ಹಳೇ ಟೋಪಿ. ಕೈಗಳೆರಡು ಮಾತ್ರ ಬಿಡದೆ ಬಾರಿಸುತ್ತಿದ್ದವು. ಜೀವಮಾನದಲ್ಲಿ ಅವನು ಕೋಲು ಮೀರಿದ್ದು ಕಂಡಿರಲಿಲ್ಲ. ಕುಂದಾ ಒಂದು ಕ್ಷಣ ಗಲಿಬಿಲಿಯಾದಳು, ಆಮೇಲೆ ಆ ಒಂದು ಡ್ರಮ್ಮಿಗೇ ಕಾಲು ಇಳಿಸಿ ಕುಣಿಯತೊಡಗಿದಳು. ಅಂಥ ಚಂದದ ಕುಣಿತವೇನಲ್ಲ. ಕನ್ನಡಿಯ ಮುಂದೆ ಕಲಿತ ಕುಣಿತ, ಜಾಗ ಕಿರಿದಾದ ಕೋಣೆಯಲ್ಲಿ ಕೈಕಾಲು ಹತ್ತಿರ ಹತ್ತಿರ ಇಟ್ಟು ಕಲಿತದ್ದು. ಮೊದಲ ಸುತ್ತು ಅಷ್ಟೇ ಜಾಗದಲ್ಲಿ ತಿರುಗಿದಳು. ಎರಡನೆಯ ಸುತ್ತಿಗೆ ಸುತ್ತ ಗೋಡೆಯಿಲ್ಲವೆಂದು ನೆನಪಾದಂತೆ ತೋಳು ಪೂರ್ತಿ ಚಾಚಿದಳು.

ನನ್ನ ಕೋಲು ಇನ್ನೂ ಮೇಲೇ ಇತ್ತು, ಕೈ ನೋಯುತ್ತಿತ್ತು. ಬಾಪುಸಾಹೇಬರ ಮುಖ ನೋಡುವ ಧೈರ್ಯವಾಗದೆ ಕೋಲು ಕೆಳಗಿಳಿಸಿ ಮುಂದಕ್ಕೆ ಚಾಚಿದೆ. ಇಡೀ ಬ್ಯಾಂಡು ಅದಕ್ಕೇ ಕಾದಿದ್ದಂತೆ ಒಟ್ಟಿಗೆ ಎದ್ದಿತು. ಅವಳು ಹೇಳಿದ್ದು ಒಂದೇ ಹಾಡು, ಕುಣಿದದ್ದೂ ಒಂದೇ. ಹಾಡು ಮುಗಿದಾಗ ತಾನೇ ನಿಂತು, ಸೆರಗಿನಿಂದ ಮುಖ ಒರೆಸಿಕೊಂಡು ಕಾಕಾನ ಹತ್ತಿರ ಹೋಗಿ, "ನಡೀರಿ ಕಾಕಾ, ಮುಹೂರ್ತಕ್ಕೆ ತಡವಾಗುತ್ತೆ" ಅಂದಳು. ಅವರು ಅವಳ ಹಿಂದೆ ನಡೆದರು.

ಮರುದಿನ ಬೆಳಿಗ್ಗೆ ಬಾಪುಸಾಹೇಬರ ಕಡೆಯಿಂದ ಹೇಳಿಕೆ ಬಂತು. ಆ ಡ್ರಮ್ಮಿನವನನ್ನು ತೆಗೆಯಬೇಕು, ಇಲ್ಲವಾದರೆ ಅವರ ಸಮಾಜದ ಒಂದು ಮದುವೆಯೂ ನಮಗಿಲ್ಲ. ಗುಲಾಬ್ ಸೇಠ್ ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡರು.

"ಶ್ರಾವಣ, ಮಾಸ್ತರ್ ಕೋಲು ಎತ್ತಿದ್ದು ಕಾಣಲಿಲ್ಲವೇನು?"

"ಕಂಡಿತು ಸೇಠ್."

"ಮತ್ತೆ ನಿಲ್ಲಿಸಲಿಲ್ಲ ಯಾಕೆ?"

ಶ್ರಾವಣ ಟೋಪಿ ಸರಿಮಾಡಿಕೊಂಡ. "ಹುಡುಗಿಯ ಕಾಲು ಇನ್ನೂ ಮೇಲಿತ್ತು" ಅಂದ.

ಸೇಠರಿಗೆ ತಲೆಬುಡ ತಿಳಿಯಲಿಲ್ಲ, ನನ್ನ ಮುಖ ನೋಡಿದರು. ನನಗೆ ಆ ಪರೇಡ್ ಮೈದಾನ, ಬಿಸಿಲು, ಒಂಟಿ ಕಾಲಲ್ಲಿ ನಿಂತ ನಾಯಕ್ ಎಲ್ಲ ಒಮ್ಮೆಗೇ ಕಣ್ಣೆದುರು ಬಂತು. ನಗು ಬಂತು, ಅದರ ಹಿಂದೆಯೇ ಕಣ್ಣು ತುಂಬಿತು. "ಸೇಠ್, ಅವನದು ಬರೋಬರ್" ಅಂದೆ. "ತಪ್ಪು ಹೊತ್ತಿಗೆ ಆರ್ಡರ್ ಕೊಟ್ಟವನನ್ನು ಒಂಟಿ ಕಾಲಲ್ಲಿ ನಿಲ್ಲಿಸೋದು ನಮ್ಮ ಪಲ್ಟನ್ನಿನ ಪದ್ಧತಿ. ಬೇಕಾದರೆ ನಾನು ನಿಲ್ಲುತ್ತೇನೆ. ಆದರೆ ಆ ಡ್ರಮ್ಮು ಏಣಿ ಇಳಿದರೆ ಈ ಕೋಲೂ ಅದರ ಹಿಂದೆಯೇ ಇಳಿಯುತ್ತದೆ."

ಸೇಠ್ ಪಲ್ಟನ್ನಿನವರನ್ನೆಲ್ಲ ಸೇರಿಸಿ ಒಂದು ದೊಡ್ಡ ಬೈಗುಳ ಬೈದರು. ಆಮೇಲೆ ಕಿಟಕಿಯಿಂದ ಬಗ್ಗಿ ಮೂರು ಚಹಾ ಹೇಳಿದರು. ಬಾಪುಸಾಹೇಬರ ಕಡೆಯ ಮದುವೆಗಳು ಹೋದವು. ಆ ವರ್ಷ ನಾವು ಬೇರೆ ಪೇಟೆಗಳನ್ನು ಹುಡುಕಿಕೊಂಡು ಬಹಳ ದೂರ ನಡೆದೆವು.

ಕುಂದಾಳ ಆ ಸಂಬಂಧ ಮುರಿಯಿತು ಅಂತ ಸುದ್ದಿ ಬಂತು. ಹುಡುಗನ ಕಡೆಯವರು ದಿಬ್ಬಣದಿಂದಲೇ ತಿರುಗಿ ಹೋದರಂತೆ. ಒಂದು ಹಾಡಿಗಾಗಿ ಅವಳ ಬದುಕು ಹಾಳಾಯಿತೇ ಅಂತ ಶ್ರಾವಣನನ್ನು ಕೇಳಿದೆ. "ಚಹಾ?" ಅಂದ. ಅವರ ಮನೆಯ ಮೂಲೆ ಬಂದರೆ ನಾವಿಬ್ಬರೂ ಮಾಳಿಗೆಯ ಕಡೆ ನೋಡುತ್ತಿರಲಿಲ್ಲ. ಆದರೂ ಆಮೇಲೆ ಯಾರು ವೀಳ್ಯ ಕೊಟ್ಟು ಪಕ್ಕಕ್ಕೆ ಕರೆದರೂ, "ಹುಡುಗಿಯರನ್ನು ತಡೆಯೋದಾದರೆ ನೀವೇ ತಡೀರಿ, ನಮ್ಮ ಕೋಲು ಆ ಕೆಲಸ ಮಾಡೋದಿಲ್ಲ" ಅಂದುಬಿಡುತ್ತಿದ್ದೆ. ಕೆಲವರು ಎದ್ದು ಬೇರೆ ಬ್ಯಾಂಡಿಗೆ ಹೋದರು, ಕೆಲವರು ನಕ್ಕು ಒಪ್ಪಿಕೊಂಡರು.

ಎರಡು ಸೀಜನ್ ಕಳೆದ ಮೇಲೆ, ಚಳಿಗಾಲದಲ್ಲಿ, ಕನ್ನಡಕದ ಒಬ್ಬ ಸಣಕಲ ಮನುಷ್ಯ ಏಣಿ ಹತ್ತಿ ಬಂದ. ಮದುವೆ ಅವನದೇ. "ಇದೇ ಬ್ಯಾಂಡು ಆಗಬೇಕಂತೆ. ಸೈಡ್ ಡ್ರಮ್ಮು ಟೋಪಿಯವರೇ ಬಾರಿಸಬೇಕಂತೆ" ಅಂದ. ಯಾರು ಹೇಳಿದರು ಅಂತ ಸೇಠ್ ಕೇಳಿದರು. "ಕುಂದಾ" ಅಂದ. ಅವಳ ಕಚೇರಿಯಲ್ಲೇ ಗುಮಾಸ್ತ, ಪಕ್ಕದ ಮೇಜಿನವನು. ಶ್ರಾವಣ ತಲೆ ಬಗ್ಗಿಸಿಕೊಂಡು ಡ್ರಮ್ಮಿನ ಹಗ್ಗವನ್ನು ಬಿಚ್ಚಿ, ಮತ್ತೆ ಮೊದಲಿನಿಂದ ಬಿಗಿಯತೊಡಗಿದ.

ಅವನ ದಿಬ್ಬಣ ಮಂಗಲ ಕಾರ್ಯಾಲಯದ ಬಾಗಿಲಿಗೆ ಬಂತು. ವರ ಕುದುರೆ ಇಳಿದ ಮೇಲೆ ಬ್ಯಾಂಡು ನಿಲ್ಲಬೇಕು, ಒಳಗೆ ಮಂತ್ರ ಶುರುವಾಗಬೇಕು. ಬಾಗಿಲಲ್ಲಿ ವರನನ್ನು ಎದುರುಗೊಳ್ಳಲು ಬಾಪುಸಾಹೇಬರು ನಿಂತಿದ್ದರು, ಪಕ್ಕದಲ್ಲಿ ಭಟ್ಟರು. "ಮಾಸ್ತರ್, ಮುಹೂರ್ತ! ಬಂದ್ ಮಾಡಿ" ಅಂದರು ಬಾಪುಸಾಹೇಬರು. ಆ ಸಂಬಂಧ ಮುರಿದ ಮೇಲೆ ಅವರು ನನ್ನೊಡನೆ ಆಡಿದ ಮೊದಲ ಮಾತು ಅದು. ಕೋಲು ಎತ್ತಲು ಹೋದವನು ಶ್ರಾವಣನತ್ತ ನೋಡಿದೆ. ಅವನು ಮುಂದೆ ನೋಡುತ್ತಿರಲಿಲ್ಲ, ಮೇಲೆ ನೋಡುತ್ತಿದ್ದ.

ನಾನೂ ಮೇಲೆ ನೋಡಿದೆ. ಕಾರ್ಯಾಲಯದ ಮಾಳಿಗೆಯಲ್ಲಿ ಮರದ ಕಟಕಟೆಯ ಹಿಂದೆ ಮದುಮಗಳು ಬಂದು ನಿಂತಿದ್ದಳು, ಹಳದಿ ಸೀರೆ, ಹಣೆಗೆ ಬಾಸಿಂಗ. ಗೆಳತಿಯರು ಅವಳ ತೋಳು ಹಿಡಿದು ಒಳಗೆ ಕರೆಯುತ್ತಿದ್ದರು. ಮುಖ ಗಂಭೀರವಾಗಿತ್ತು, ಮದುಮಗಳ ಮುಖ ಇರಬೇಕಾದ ಹಾಗೇ. ಆದರೆ ಕಟಕಟೆಯ ಸಂದಿಯಲ್ಲಿ ಸೀರೆಯ ಅಂಚಿನ ಕೆಳಗೆ ಬಲಗಾಲು ನಮ್ಮ ತಾಳಕ್ಕೆ ಏಳುತ್ತಿತ್ತು, ಇಳಿಯುತ್ತಿತ್ತು.

"ಮಾಸ್ತರ್!" ಅಂದರು ಬಾಪುಸಾಹೇಬರು ಮತ್ತೆ. ನನ್ನ ಕಣ್ಣು ಹೋದ ಕಡೆ ಅವರ ಕಣ್ಣೂ ಹೋಯಿತು. ನೋಡಿದರು. ಭಟ್ಟರು ಏನೋ ಹೇಳಲು ಬಾಯಿ ತೆರೆದಾಗ ಬಾಪುಸಾಹೇಬರೇ ಅವರ ಕೈ ಹಿಡಿದು ಸುಮ್ಮನಿರಿಸಿದರು.

ನಾನು ಕಾದೆ. ಹಾಡಿನ ಸಾಲು ಮುಗಿಯಿತು, ಅವಳ ಕಾಲು ನೆಲ ಮುಟ್ಟಿತು. ಆಗ ಕೋಲು ಎತ್ತಿದೆ.